ಗಂಗವ್ವನ ಕೂಗಿನ ತರ್ಕ

ನನಗೆ ಸುಲಭವಾಗಿ ಸಿಟ್ಟು ಬರುವುದಿಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ಆಫೀಸಿನಲ್ಲಾಗಲಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಾಗಲಿ, "ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ" ಎಂದು ತೂಗಿ ಮಾತಾಡುವವನು ನಾನು. ಅದಕ್ಕೇ ವಡಾಲದ ನಮ್ಮ ಚಾಳಿನ ಬಾಡಿಗೆದಾರರು ಸಭೆಗಳಿಗೆಲ್ಲ ನನ್ನನ್ನೇ ಅಧ್ಯಕ್ಷನಾಗಿ ಕೂರಿಸುತ್ತಿದ್ದರು. ಇಡೀ ಮಹಡಿಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ ಎಂಬುದು ಬೇರೆ ಮಾತು.

ಹಾಗೆಂದು ನನಗೂ ಬಿಸಿ ಅಭಿಪ್ರಾಯಗಳಿರಲಿಲ್ಲವೇ? ಚಿಕೋರಿ ಬೆರೆಸಿದ ಕಾಫಿ ಕಾಫಿಯೇ ಅಲ್ಲ ಎಂದು, ಮೈಸೂರಿನಿಂದ ಬಂದ ಹಕ್ಕಿನಿಂದ, ಕಂಡವರೊಡನೆಲ್ಲ ವಾದಿಸುತ್ತಿದ್ದೆ. "ಹಾಗಾದ್ರೆ ಕಣ್ಣುಮುಚ್ಚಿಕೊಂಡು ಎರಡು ಲೋಟ ಕುಡಿದು ಹೇಳಿ, ನೋಡೋಣ" ಎಂದು ಹೆಂಡತಿ ಸವಾಲು ಹಾಕಿದಾಗ ಮಾತ್ರ, ಆಫೀಸಿಗೆ ಟ್ರಾಮ್ ತಪ್ಪುತ್ತದೆ ಎಂದು ಎದ್ದುಬಿಟ್ಟೆ. ಅಂದು ಭಾನುವಾರ.

ಒಂದು ಸಭೆಯಲ್ಲಿ ಪಕ್ಕದ ಖೋಲಿಯ ಗಂಗವ್ವ ಎದ್ದು ನಿಂತರು. ವಿಜಾಪುರದ ಕಡೆಯವರು, ಗಟ್ಟಿ ಗಂಟಲು.

"ಗ್ಯಾಲರಿ ಕಟಕಟಿ ಒಳಗ ಪೂರಾ ಲಡ್ಡಾಗಿ ಕೊಳತೈತಿ! ಯಾರರೆ ಬಿದ್ದು ಸತ್ತ ಮ್ಯಾಲೆ ರಿಪೇರಿ ಮಾಡಸ್ತೀರೇನ್ರಿ?"

"ಗಂಗವ್ವನವರೇ, ಸ್ವಲ್ಪ ಶಾಂತವಾಗಿ ಮಾತಾಡಿ," ಎಂದೆ ಕುರ್ಚಿಯಿಂದ. "ಆವೇಶ ಇದ್ದಲ್ಲಿ ವಿಚಾರ ಇರೋದಿಲ್ಲ."

"ನಿಮ್ಮ ಮಗಳು ದಿನಾ ಸಂಜಿಕೆ ಅದಕ್ಕ ಆತು ನಿಂತು ನಿಮ್ಮ ದಾರಿ ಕಾಯ್ತಾಳ. ಶಾಂತ ಹೆಂಗಿರ್ಲಿ ನಾ? ಅಲ್ಲಿ ಅರಿವಿ ಒಣಾ ಹಾಕಾಕಿ ನಾನು. ಹಗ್ಗ ಕಟ್ಟಿದ ಮೊಳಿ ವಾರಕ್ಕೊಮ್ಮೆ ಕಿತ್ತು ಬರ್ತೈತಿ. ಬರ್ರಿ, ಕೈ ಹಚ್ಚಿ ನೋಡ್ರಿ. ನಂದು ಸುಳ್ಳಾದ್ರ ಇನ್ನ ಮ್ಯಾಲೆ ಮೀಟಿಂಗಿನ್ಯಾಗ ಬಾಯಿ ತೆರೆಯಂಗಿಲ್ಲ!"

ಹೋಗಿ ಮೊಗಸಾಲೆಯಂಚಿನ ಆ ಕಟಕಟೆಯನ್ನು ಹೆಬ್ಬೆರಳಿಂದ ಒತ್ತಿದೆ. ಬಣ್ಣದಡಿಯ ಮರ ನೆನೆದ ಅವಲಕ್ಕಿಯಂತೆ ಒಳಸರಿಯಿತು. ಮಗಳು ನಿಲ್ಲುತ್ತಿದ್ದ ಜಾಗ ಅದೇ. ಅಲ್ಲಿಂದ ಒಂದು ಚೂರು ಕಿತ್ತು ಜೇಬಿಗೆ ಹಾಕಿಕೊಂಡೆ. ಆ ಸಂಜೆಯೇ ಅಡ್ಡಲಾಗಿ ಬಿದಿರು ಕಟ್ಟಿದೆವು.

ಆವೇಶವಿದ್ದಲ್ಲಿ ವಿಚಾರವಿಲ್ಲ ಎಂಬ ಮಾತನ್ನು ನಾನು ಅಂದೇ ಹಿಂದಕ್ಕೆ ಪಡೆದೆ. ಗಂಗವ್ವನಿಗೆ ಸಿಟ್ಟು ಬಂದದ್ದೇ ಕಾರಣ ಗೊತ್ತಿದ್ದದ್ದರಿಂದ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಬೆಂಕಿಯಿದೆಯೆಂದು ತಿಳಿದ ಮೇಲೂ ತಣ್ಣಗೆ ಕೂತಿರಿ ಎಂದು ಯಾವ ತಾರ್ಕಿಕನೂ ಹೇಳಿದಂತಿಲ್ಲ. ಇನ್ನು ನನ್ನ ಕಾಫಿಯ ಆವೇಶವೋ? ನಾನು ಪರೀಕ್ಷೆಗೆ ಹೆದರಿ ಓಡಿದವನು. ಆಕೆ ಪರೀಕ್ಷೆ ಮಾಡಿ ಎಂದು ಕೂಗಿ ಕರೆದವರು. ಅಭಿಪ್ರಾಯ ಎಷ್ಟು ಬಿಸಿಯಾಗಿದೆ ಎಂದು ಮುಟ್ಟಿ ನೋಡಿ ಪ್ರಯೋಜನವಿಲ್ಲ, ಒತ್ತಿ ನೋಡಬೇಕು.

ಮರುದಿನ ಚಾಳಿನ ಮಾಲೀಕರ ಗುಮಾಸ್ತನ ಮುಂದೆ ನಿಂತೆ. ಏನೇನು ಅಂದೆನೋ, ಮೇಜು ಗುದ್ದಿದ್ದು ಮಾತ್ರ ನೆನಪಿದೆ. ಆತ ಪಾನ್ ಜಗಿಯುತ್ತ, "ಸಾಹೇಬ್, ಜರಾ ಶಾಂತಪಣೆ ಬೋಲಾ" ಎಂದ. ಥೇಟ್ ನನ್ನ ಅಧ್ಯಕ್ಷತೆಯ ದನಿ! ಜೇಬಿನಿಂದ ಆ ಕಟಕಟೆಯ ಚೂರು ತೆಗೆದು ಅವನ ಅಂಗೈಗೆ ಹಾಕಿ, ಒತ್ತಿ ನೋಡು ಎಂದು ಕೂಗಿದೆ. ಅದು ಅವನ ಬೆರಳಲ್ಲೇ ಪುಡಿಯಾಯಿತು. ಅವನ ಬಾಯಿ ಜಗಿಯುವುದನ್ನು ನಿಲ್ಲಿಸಿತು.

ಹೊಸ ಕಟಕಟೆ ಬಂದ ಭಾನುವಾರ ಹೆಂಡತಿ ಮತ್ತೆ ಎರಡು ಲೋಟ ತಂದಿಟ್ಟಳು. ಈ ಸಲ ನಾನು ಟ್ರಾಮಿನ ಸುದ್ದಿ ಎತ್ತಲಿಲ್ಲ. ಕಣ್ಣು ಮುಚ್ಚಿ ಎರಡನ್ನೂ ಕುಡಿದು, "ಇದು ನೋಡು ಕಾಫಿ!" ಎಂದು ಒಂದನ್ನು ಎತ್ತಿಹಿಡಿದೆ. ಅದು ಚಿಕೋರಿಯದಾಗಿತ್ತು. ಕಟಕಟೆಗೆ ಆತು ನಿಂತಿದ್ದ ಮಗಳು ಇಡೀ ಚಾಳಿಗೆ ಕೇಳುವಂತೆ, ಹಿಂದಕ್ಕೆ ವಾಲಿ ವಾಲಿ ನಕ್ಕಳು. ಕಟಕಟೆ ಅಲುಗಲಿಲ್ಲ.