ಹುಳು ಮನೆಯ ರೆಕಾರ್ಡಿಂಗ್

ಎಂಬತ್ತರ ದಶಕದ ಮೊದಲ ವರ್ಷಗಳು. ಹೋಳೂರಿನಿಂದ ಕೋಲಾರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಗೆಳತಿ ಹಾಡುತ್ತಿದ್ದಳು, ಅವಳ ಅಣ್ಣ ಗಿಟಾರ್ ನುಡಿಸುತ್ತಿದ್ದ, ನಾನು ಡ್ರಮ್ಸ್ ಬಾರಿಸುತ್ತಿದ್ದೆ. ಇದ್ದದ್ದು ಮೂರೇ ಜನವಾದರೂ ನಮ್ಮನ್ನು ನಾವು ಆರ್ಕೆಸ್ಟ್ರಾ ಎಂದೇ ಕರೆದುಕೊಳ್ಳುತ್ತಿದ್ದೆವು. ಡ್ರಮ್ ಸೆಟ್ಟು ಚಿನ್ನದ ಗಣಿಯ ಕಡೆಯ ಹಳೆಯ ಬ್ಯಾಂಡಿನವರೊಬ್ಬರು ಬಿಟ್ಟುಕೊಟ್ಟದ್ದು.

ಕೋಲಾರದ ನೌಕರರ ಸಂಘವೊಂದು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹಾಡುವವರನ್ನು ಹುಡುಕುತ್ತಿತ್ತು. ಮೊದಲು ಒಂದು ಕ್ಯಾಸೆಟ್ ಕೊಡಿ, ಕೇಳಿ ಹೇಳುತ್ತೇವೆ ಎಂದರು. ಸ್ಟುಡಿಯೋಗೆ ಬೆಂಗಳೂರಿಗೇ ಹೋಗಬೇಕಿತ್ತು. ಅದರ ಬದಲು ಗೆಳತಿಯ ಅಣ್ಣ ಯಾರದೋ ಟೇಪ್ ರೆಕಾರ್ಡರನ್ನು, ಸಂಜೆಯೊಳಗೆ ಹಿಂತಿರುಗಿಸುವ ಮಾತು ಕೊಟ್ಟು, ನಮ್ಮ ಮನೆಗೇ ಹೊತ್ತುಕೊಂಡು ಬಂದ.

ನಡುಮನೆಯಲ್ಲಿ ಶುರುಮಾಡಿದೆವು. ಬೋಳು ಗೋಡೆಗಳಿಗೆ ಬಡಿದು ಒಂದೊಂದು ಪೆಟ್ಟೂ ಹಿತ್ತಾಳೆ ಕೊಳಗ ಉರುಳಿದಂತೆ ಗಣಗಣಿಸಿತು. ದೊಡ್ಡ ಡ್ರಮ್ಮಿಗೆ ಪೆಟ್ಟು ಬಿದ್ದಾಗಲೆಲ್ಲ ಟೇಪಿನಲ್ಲಿ ಗೆಳತಿಯ ಧ್ವನಿ ಮುಳುಗಿಹೋಗಿ, ಆಮೇಲೆ ಏದುಸಿರು ಬಿಡುತ್ತ ಮೇಲೆ ಬರುತ್ತಿತ್ತು. ‘ಇದು ಡ್ರಮ್ಸ್ ಅಲ್ಲ ಕಣೇ, ಗುಡುಗು’ ಎಂದಳು ಅವಳು.

ಅಡುಗೆಮನೆಯಲ್ಲಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ಕೊಟ್ಟಳು. ‘ಹುಳು ಮನೆ ಖಾಲಿ ಐತೆ. ಅಲ್ಲಿ ಮಾಡ್ಕೊಳ್ಳಿ.’

ರೇಷ್ಮೆ ಹುಳು ಸಾಕುವ ಆ ಉದ್ದನೆಯ ಕೋಣೆಯಲ್ಲಿ ಹಿಂದಿನ ಬೆಳೆಯ ಗೂಡು ಮಾರಿ ಆಗಿತ್ತು, ಹೊಸ ಮೊಟ್ಟೆ ಇನ್ನೂ ಬಂದಿರಲಿಲ್ಲ. ತೊಳೆದು ಔಷಧಿ ಹೊಡೆದಿದ್ದರಿಂದ ಕಣ್ಣು ಉರಿಯಿತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದರು. ಕಿಟಕಿಗಳಿಗೆ ಗೋಣಿತಟ್ಟು ಇಳಿಬಿಟ್ಟಿತ್ತು. ನಾನು ಒಂದು ಪೆಟ್ಟು ಹಾಕಿ ನೋಡಿದೆ. ಗಣಗಣ ಮಾಯವಾಗಿತ್ತು. ಬಿದಿರಿನ ಆ ಹೆಣಿಗೆಗಳು ಸದ್ದನ್ನು ಅಲ್ಲಲ್ಲೇ ಹೀರಿಕೊಂಡಿದ್ದವು. ದೊಡ್ಡ ಡ್ರಮ್ಮಿನ ಒಳಗೆ ಕಂಬಳಿ ತುರುಕಿದೆವು. ಟೇಪ್ ರೆಕಾರ್ಡರನ್ನು ನನ್ನಿಂದ ಆದಷ್ಟು ದೂರ, ಬಾಗಿಲ ಬಳಿ, ರಾಗಿ ಮೂಟೆಯ ಮೇಲೆ ಇಟ್ಟೆವು. ಗೆಳತಿ ಅದರ ಮುಂದೆಯೇ ನಿಂತಳು. ಈಗ ಕೇಳಿದರೆ ಅವಳು ಅವಳಾಗಿದ್ದಳು, ನಾನು ನಾನಾಗಿದ್ದೆ.

ನಾವೇ ಕಟ್ಟಿದ ಹಾಡದು. ಅರ್ಧ ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ತೋಟದಿಂದ ಬಂದ ದೊಡ್ಡಪ್ಪ ಬಾಗಿಲಲ್ಲಿ ನಿಂತರು. ಮನೆಯ ಹಿರಿಯರು, ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು. ‘ಚಾಲು! ಚಾಲು!’ ಎಂದು ಕೂಗಿದರು. ಸಾಕು, ಸಾಕು ಎಂದು. ಗಿಟಾರ್ ತಡವರಿಸಿತು. ಗೆಳತಿ ನನ್ನ ಮುಖ ನೋಡಿದಳು. ನಾನು ಕೋಲು ಕೆಳಗಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದು ಹಾಡು ಮುಗಿಯುವವರೆಗೂ ಬಾರಿಸಿದೆ. ಅವಳೂ ಹಾಡಿ ಮುಗಿಸಿದಳು.

‘ಚರ್ಮ ಬಡಿಯೋದು ನಮ್ಮ ಮನೆ ಕೆಲ್ಸಾನೇನೇ?’ ಎಂದರು ದೊಡ್ಡಪ್ಪ.

‘ಸ್ಕೂಲ್ ಬ್ಯಾಂಡಲ್ಲಿ ಇದೇ ಚರ್ಮ ಬಡಿದಾಗ ಊರಿಗೆಲ್ಲ ಪೆಪ್ಪರಮೆಂಟ್ ಹಂಚಿದ್ರಿ.’

‘ಆವಾಗ ಚಿಕ್ಕೋಳು. ಊರೋರು ಏನಂತಾರೆ?’

‘ಊರೋರ ಮನೇಲಿ ಸತ್ರೂ ತಮಟೆ ಬೇಕು, ಮದ್ವೆ ಆದ್ರೂ ತಮಟೆ ಬೇಕು. ಬಾರಿಸೋರು ಮಾತ್ರ ಕೀಳಾ ದೊಡ್ಡಪ್ಪ?’

ಅವರು ಕೂಗು ಕೇಳಿ ಬಂದಿದ್ದ ಅಮ್ಮನ ಕಡೆ ತಿರುಗಿ, ಹುಳು ಮನೆಯಲ್ಲಿ ಹೀಗೆ ಮಾಡಿದರೆ ಮುಂದಿನ ಬೆಳೆ ಕೈಗೆ ಹತ್ತುವುದಿಲ್ಲ ಎಂದರು. ಅಮ್ಮ ಅವರೆದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದೆ. ‘ಸೊಪ್ಪು ಹಾಕೋಳು ನಾನು, ಕಸ ತೆಗೆಯೋಳು ನಾನು ಬಾವಾ. ಹುಳಕ್ಕೆ ಏನಾಗ್ತದೆ ಅಂತ ನಂಗೊತ್ತು.’

ಮತ್ತೊಮ್ಮೆ ರೆಕಾರ್ಡ್ ಮಾಡೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯಾದರೂ ಬರಲಿಲ್ಲ. ದೊಡ್ಡಪ್ಪನ ಕೂಗು ಇದ್ದ ಕ್ಯಾಸೆಟ್ಟನ್ನೇ ಕೊಟ್ಟೆವು.

ಸಂಘದ ಕಾರ್ಯದರ್ಶಿ ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ನಮ್ಮೆದುರೇ ಮತ್ತೊಮ್ಮೆ ಕೇಳಿ ತಲೆದೂಗಿದರು. ‘ಭಾಳ ಚಲೋ ಐತ್ರಿ. ನಡುವ ಆ ಹಿರಿಯರು ಯಾರ್ರೀ? ಚಾಲೂ ಚಾಲೂ ಅಂತ ಏನ್ ಹುರುಪು ತುಂಬ್ತಾರ!’ ಅವರ ಕಡೆ ಚಾಲೂ ಎಂದರೆ ಶುರುಮಾಡು ಎಂದು. ಗೆಳತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ‘ನಮ್ಮ ದೊಡ್ಡಪ್ಪ’ ಎಂದೆ ನಾನು. ಸುಳ್ಳೇನೂ ಹೇಳಲಿಲ್ಲ.

‘ಡ್ರಮ್ ಹೊಡಿಯೋ ಹುಡುಗ ಬಂದಿಲ್ಲೇನು?’

‘ನಾನೇ ಸಾರ್.’

ಅವರು ಕ್ಯಾಸೆಟ್ಟನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ಹೆಣ್ಣುಮಕ್ಕಳು ಹಾಡಿದರೆ ಚಂದ, ವೇದಿಕೆಯ ಮೇಲೆ ಕೂತು ಡ್ರಮ್ ಬಾರಿಸಿದರೆ ಜನ ನಗುತ್ತಾರೆ, ಯಾರನ್ನಾದರೂ ಗಂಡಸರನ್ನು ಕರೆತನ್ನಿ ಎಂದರು. ಗೆಳತಿಯ ಅಣ್ಣ ನನ್ನ ಕಡೆ ಬಾಗಿ, ‘ಇದೊಂದ್ಸಲ ಒಪ್ಕೋ, ಆಮೇಲೆ ನೋಡಣ’ ಎಂದ.

‘ಕ್ಯಾಸೆಟ್ ವಾಪಸ್ ಕೊಡಿ ಸಾರ್’ ಎಂದೆ. ‘ಚಲೋ ಐತೆ ಅಂದಿದ್ದು ನನ್ನ ಕೈಗೆ. ಆ ಕೈ ಬೇಡ ಅಂದ್ರೆ ಈ ಹಾಡೂ ಬೇಡ.’

‘ಅವಳಿಲ್ದೆ ನಾನೂ ಹಾಡಲ್ಲ’ ಎಂದು ಗೆಳತಿ ಎದ್ದು ನಿಂತಳು. ಅವಳ ಅಣ್ಣನೂ ನಿಧಾನವಾಗಿ ಎದ್ದ.

ನಾವು ಬಾಗಿಲು ದಾಟಿದ ಮೇಲೆ ಕಾರ್ಯದರ್ಶಿ ಹಿಂದೆಯೇ ಬಂದು ಕರೆದರು. ಬಹುಮಾನ ಹಂಚಿದ ಮೇಲೆ, ಎಲ್ಲರಿಗಿಂತ ಕೊನೆಗೆ ಒಂದು ಹಾಡು ಎಂದರು. ಜನ ಎದ್ದು ಹೋಗುವ ಹೊತ್ತು ಅದು. ಒಪ್ಪಿಕೊಂಡೆ.

ಅಂದುಕೊಂಡಂತೆಯೇ ಅರ್ಧ ಜನ ಚಪ್ಪಲಿ ಹುಡುಕುತ್ತಿದ್ದಾಗ ನಾವು ವೇದಿಕೆ ಹತ್ತಿದೆವು. ಮುಂದೆ ಯಾರೋ ಶಿಳ್ಳೆ ಹೊಡೆದರು, ಯಾರೋ ನಕ್ಕರು. ನಗುವವರು ನಕ್ಕು ಮುಗಿಸಲಿ ಎಂದು ನಾನು ಕಾಯಲಿಲ್ಲ. ಸೀರೆಯ ನೆರಿಗೆಯನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಶುರುಮಾಡಿಬಿಟ್ಟೆ. ಕೆಲವರು ಹೋದರು. ಹೆಂಗಸರ ಕಡೆ ಎದ್ದಿದ್ದ ಒಂದಷ್ಟು ಜನ ಮತ್ತೆ ಜಮಖಾನದ ಮೇಲೆ ಕೂತರು. ಅವರಲ್ಲಿ ಮುಳಬಾಗಿಲಿನಿಂದ ಬಂದಿದ್ದ ಒಬ್ಬಾಕೆ ಆಮೇಲೆ ವೇದಿಕೆಯ ಪಕ್ಕಕ್ಕೆ ಬಂದು, ಮಗಳ ಆರತಕ್ಷತೆಗೆ ಬರ್ತೀರಾ ಎಂದು ಕೇಳಿದರು.

‘ಡ್ರಮ್ಸ್ ನಾನೇ ಬಾರಿಸೋದು’ ಎಂದೆ, ಮೊದಲೇ.

‘ಅದಕ್ಕೇ ಕೇಳ್ತಿರೋದು ಕಣಮ್ಮ’ ಎಂದರು ಆಕೆ.

ದೊಡ್ಡಪ್ಪ ನನ್ನೊಡನೆ ಬಹಳ ಕಾಲ ಮಾತಾಡಲಿಲ್ಲ. ನಾನೂ ಹೋಗಿ ಮಾತಾಡಿಸಲಿಲ್ಲ. ಹುಳು ಇಲ್ಲದ ದಿನಗಳಲ್ಲಿ ಆ ಕೋಣೆಯಲ್ಲೇ ಅಭ್ಯಾಸ ಮಾಡುತ್ತಿದ್ದೆ, ಬಾಗಿಲು ತೆರೆದಿಟ್ಟುಕೊಂಡು.