ಎಡಕ್ಕೆ ಸುತ್ತಿದ ಟೇಪು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರಂತಸ್ತಿನ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಎರಡು ಟೀವಿ ಛತ್ರಿಗಳು ಮುನಿಸಿಕೊಂಡ ಓರಗಿತ್ತಿಯರ ಹಾಗೆ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿವೆ. ನಡುವೆ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬರು ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಬೆಂಕಿಪೊಟ್ಟಣದಷ್ಟಿರುವ ಸ್ವಿಚ್ಚನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಎರಡು ಛತ್ರಿಗಳ ವೈರು ಬಂದು ಸೇರುವುದು ಅದಕ್ಕೇ. ಅಲ್ಲಿಂದ ಕೆಳಗಿನ ಮನೆಗೆ ಇಳಿಯುವುದು ಒಂದೇ ವೈರು.

ಮಾರು ದೂರದಲ್ಲಿ, ಮಫ್ಲರು ಸುತ್ತಿಕೊಂಡ ತಾತ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ. ಅವರ ಕಣ್ಣು ಛತ್ರಿಯ ಮೇಲಿಲ್ಲ, ಸ್ವಿಚ್ಚಿನ ಮೇಲೂ ಇಲ್ಲ. ಆಕೆಯ ಬಾಯ್ತೆರೆದ ಚೀಲದ ಮೇಲಿದೆ.

ಆಕೆ ಟಾರ್ಚು ಕೈಗೆ ತೆಗೆದುಕೊಂಡು ಕೆಳಗಿನ ಕಿಟಕಿಯ ಕಡೆ ಬಗ್ಗುತ್ತಾರೆ. "ಬಂತಾ?"

"ಇಲ್ಲ ಕಣೇ, ಕಪ್ಪಗೇ ಇದೆ," ಅನ್ನುತ್ತದೆ ಕಿಟಕಿಯೊಳಗಿಂದ ಗಂಡನ ದನಿ.

ಈ ಸುತ್ತಿನವರಿಗೆ ಆಕೆ ಛತ್ರಿ ಅಕ್ಕ. ಗಾಳಿಗೆ ವಾಲಿದ್ದನ್ನು ನೆಟ್ಟಗೆ ಮಾಡುವುದು, ನೀರು ಕುಡಿದ ವೈರನ್ನು ಬದಲಿಸುವುದು, ಒಂದಿದ್ದಲ್ಲಿ ಎರಡನೆಯದನ್ನು ನಿಲ್ಲಿಸುವುದು ಅವರ ಕಸುಬು. ದಿನಕ್ಕೆ ಎರಡು ಮೂರು ತಾರಸಿ ಹತ್ತುತ್ತಾರೆ. ಚಿತ್ರ ಬಂದ ಮೇಲೆ ಎಲ್ಲರೂ ಟೀವಿಯ ಮುಂದೆ. ಇಳಿದು ಬಂದ ಅಕ್ಕನಿಗೆ ನೀರು ಬೇಕಾ ಅಂತ ಕೇಳುವವರು ಕಡಿಮೆ.

ಕಸುಬಿಗೆ ಇಳಿಯುವ ಮೊದಲು ಅಕ್ಕ ಇದ್ದದ್ದು ಕಿಟಕಿಯೊಳಗೆ. ಗಂಡ ಮೇಲೆ ಛತ್ರಿ ತಿರುಗಿಸಿದರೆ ಇವರು ಕೆಳಗೆ ಟೀವಿ ನೋಡಿ "ಬಂತು, ಹೋಯ್ತು, ಅರ್ಧ ಬಂತು" ಎಂದು ಕೂಗುತ್ತಿದ್ದರು. ಕೂಗುತ್ತಾ ಕೂಗುತ್ತಾ, ಎಷ್ಟು ತಿರುಗಿದರೆ ಎಷ್ಟು ಬರುತ್ತದೆ ಅನ್ನುವುದು ಕಿವಿಗೇ ಹತ್ತಿತು. ಗಂಡನ ಮೊಣಕಾಲು ಏಣಿಗೆ ಒಲ್ಲೆ ಅಂದ ಮೇಲೆ ಜಾಗ ಅದಲುಬದಲಾಯಿತು. "ಮೊದಲೂ ಇವಳು ಹೇಳಿದ ಹಾಗೇ ತಿರುಗಿಸ್ತಿದ್ದೆ. ಈಗ ಏಣಿ ಹತ್ತೋ ಶ್ರಮ ಉಳೀತು," ಎಂದು ಗಂಡ ನಗುತ್ತಾರೆ.

ಆದರೆ ಒಂದು ವಿಷಯಕ್ಕೆ ಇಬ್ಬರೂ ನಗುವುದಿಲ್ಲ. ಗಂಡ ದುಡಿಯುತ್ತಿದ್ದ ಕಾಲದಲ್ಲಿ, ಒಂದು ಮನೆಯವರು "ನಮ್ಮ ಒಳ್ಳೆ ಸಾಮಾನು ಎತ್ತಿಕೊಂಡು ಹಳೇದು ಹಾಕಿದ" ಎಂದು ಬಾಗಿಲಲ್ಲಿ ನಿಂತು ಹೇಳಿಬಿಟ್ಟರು. ಹೌದೋ ಅಲ್ಲವೋ ಅಂತ ಒಬ್ಬರೂ ಕೇಳಲಿಲ್ಲ. ಆ ಬೀದಿ ಇವರ ಪಾಲಿಗೆ ಆವತ್ತೇ ಮುಚ್ಚಿಹೋಯಿತು, ಇವತ್ತಿಗೂ ತೆರೆದಿಲ್ಲ.

ಅಂದಿನಿಂದ ಅಕ್ಕ ಎರಡು ರೂಢಿ ಇಟ್ಟುಕೊಂಡಿದ್ದಾರೆ. ಬಿಚ್ಚಿದ ಸಾಮಾನನ್ನು, ಕೆಟ್ಟು ಕೆರ ಹಿಡಿದಿದ್ದರೂ, ಆ ಮನೆಯ ಹೊಸಿಲಲ್ಲೇ ಇಟ್ಟು ಬರುತ್ತಾರೆ. ಎರಡನೆಯದನ್ನು ಗಂಡನಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ. ಎಲ್ಲರೂ ಜೋಡಣೆಯ ಮೇಲೆ ಕಪ್ಪು ಟೇಪನ್ನು ಬಲಕ್ಕೆ ಸುತ್ತಿದರೆ, ಇವರು ಎಡಕ್ಕೆ ಸುತ್ತುತ್ತಾರೆ. ತಾವಿಲ್ಲದಾಗ ಯಾರಾದರೂ ಕೈಯಾಡಿಸಿದರೆ ಟೇಪೇ ಹೇಳುತ್ತದೆ.

ಈ ಬೆಳಗ್ಗೆ ಟೇಪು ಹೇಳುತ್ತಿದೆ. ಅದು ಬಲಕ್ಕೆ ಸುತ್ತಿಕೊಂಡಿದೆ.

ಎರಡನೇ ಛತ್ರಿ ಬಂದದ್ದು ಹೋದ ವಾರ, ಸೊಸೆಗಾಗಿ. ಆಕೆಯ ತವರಿನ ಭಾಷೆಯ ಚಾನೆಲ್ಲುಗಳಿರುವುದು ಬೇರೊಂದು ಉಪಗ್ರಹದಲ್ಲಿ. ತಾತನಿಗೆ ಬೇಕಾದದ್ದು ಮೊದಲ ಛತ್ರಿಯಲ್ಲಿ ನಸುಕಿಗೆ ಬರುವ ಹಳೆಯ ಹಾಡುಗಳು ಮಾತ್ರ. ಎರಡನೆಯದು ಬಂದ ಮೇಲೆ ಆ ಹಾಡುಗಳು ಒಂದು ದಿನ ಬರುತ್ತವೆ, ಒಂದು ದಿನ ಇಲ್ಲ. ಹಗಲಲ್ಲಿ ಎಲ್ಲ ಸರಿಯಿರುತ್ತದೆ. ಹಾಗಾಗಿಯೇ ಅಕ್ಕ ಈ ಹೊತ್ತಿಗೆ ಬಂದಿದ್ದಾರೆ. ಕಟ್ಟಡದ ಉಳಿದ ಮನೆಯವರೂ ಎರಡನೇ ಛತ್ರಿ ಹಾಕಿಸುವ ಮನಸ್ಸು ಮಾಡಿ, ತಾತ ಏನನ್ನುತ್ತಾರೋ ಎಂದು ಕಾಯುತ್ತಿದ್ದಾರೆ. ತಾತ ಒಂದು ಮಾತು ಆಡಿದರೆ ಈ ಮೆಟ್ಟಿಲೂ ಮುಚ್ಚಿದಂತೆಯೇ.

"ಹೊಸ ಸಾಮಾನು ಹೀಗೆ ಮನಸ್ಸು ಬಂದಂಗೆ ಆಡುತ್ತೇನಮ್ಮ?" ಎನ್ನುತ್ತಾರೆ ತಾತ. ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಂಡಿದ್ದು ನಿವೃತ್ತರಾದವರು. "ಹಳೇ ಮಾಲಿಗೆ ಹೊಸ ಡಬ್ಬ ತೊಡಿಸೋರನ್ನ ನಾನು ಬೇಕಾದಷ್ಟು ನೋಡಿದೀನಿ."

ಅಕ್ಕ ತಲೆಯೆತ್ತುವುದಿಲ್ಲ. "ಯಜಮಾನ್ರೇ, ಇದನ್ನ ಬಿಚ್ಚಿದ್ದು ಯಾರು?"

"ಯಾರು ಬಿಚ್ತಾರೆ? ತಾರಸಿ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತೆ."

"ಅದಕ್ಕೇ ನಿಮ್ಮನ್ನ ಕೇಳಿದ್ದು."

ಟೇಪು ಬಿಡಿಸಿದರೆ ಸ್ವಿಚ್ಚಿನ ಹೊಟ್ಟೆಯ ಮೇಲೆ ಕೆಂಪಗೆ ಒಂದು ಚುಕ್ಕೆ. ಅಕ್ಕ ಉಗುರಿನಿಂದ ಕೆರೆದು ನೋಡುತ್ತಾರೆ. "ಇದೇನು, ಸ್ವಿಚ್ಚಿಗೆ ಉಗುರುಬಣ್ಣ ಹಚ್ಚಿದೀರಲ್ಲ, ಎಲ್ಲಿಗೆ ಹೊರಟಿತ್ತು ಇದು?"

ತಾತ ಮಫ್ಲರು ಸರಿಮಾಡಿಕೊಳ್ಳುತ್ತಾರೆ. "ಗುರುತಿಗೆ. ನೀವು ಇವತ್ತು ಬಂದು ಇದನ್ನ ಬದಲಾಯಿಸಿಕೊಂಡು ಹೋಗಿಬಿಟ್ರೆ?"

"ಕೆಟ್ಟ ಮಾಲು ಹಾಕಿದೀನಿ ಅಂತೀರ. ಆ ಕೆಟ್ಟದ್ದನ್ನೇ ಕದ್ದುಕೊಂಡು ಹೋಗ್ತೀನಾ ನಾನು?"

ತಾತ ಟ್ಯಾಂಕಿನ ಮೇಲೆ ಕೂತ ಪಾರಿವಾಳವನ್ನು ಹುಷ್ ಎಂದು ಓಡಿಸುತ್ತಾರೆ.

ಅಕ್ಕನ ಸಂಶಯ ಈಗ ಗಟ್ಟಿಯಾಗಿದೆ: ಬಿಚ್ಚಿದವರು ತಿರುಪು ಸರಿಯಾಗಿ ಬಿಗಿ ಮಾಡಿಲ್ಲ, ಅಷ್ಟೇ. ಒಂದೊಂದೇ ಬಿಚ್ಚಿ, ಒರೆಸಿ, ಮತ್ತೆ ಬಿಗಿ ಮಾಡುತ್ತಾರೆ. "ಬಂತಾ?"

"ಇಲ್ಲ ಕಣೇ."

ಅಕ್ಕನ ಮುಖ ಸಣ್ಣದಾಗುತ್ತದೆ. ತಾತನ ಬೆನ್ನು ನೆಟ್ಟಗಾಗುತ್ತದೆ. "ಈಗೇನಂತೀರಿ?" ಎನ್ನುವಷ್ಟರಲ್ಲಿ ಕಿಟಕಿಯ ದನಿ ಮತ್ತೆ ಕೇಳುತ್ತದೆ.

"ಲೇ, ಇಲ್ಲಿ ಟವೆಲ್ ಹೊದಿಸಿ ಏನೋ ಇಟ್ಟವ್ರೆ. ತೆಗೆದು ನೋಡ್ಲಾ?"

"ಅದನ್ನ ಮುಟ್ಟಬೇಡಿ ಅಂದಿದ್ದೆನಲ್ರೀ," ಎನ್ನುತ್ತಾ ತಾತ ಎದ್ದೇಬಿಡುತ್ತಾರೆ. ಅಷ್ಟರಲ್ಲಿ ಗಂಡ ಟವೆಲ್ ಎತ್ತಿ ಆಗಿದೆ. "ಇದು ಹಾಲ್‌ನ ಟೀವಿಗಿದ್ದ ಸೆಟ್‌ಟಾಪ್ ಬಾಕ್ಸೇ ಅಲ್ಲ ಕಣೇ. ಇದ್ಯಾವುದೋ ಓಬೀರಾಯನ ಕಾಲದ್ದು."

ಗದ್ದಲಕ್ಕೆ ಎಚ್ಚರವಾದ ಸೊಸೆ ಹಿಂದಿನ ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಅಕ್ಕ, ತಾತ ಇಬ್ಬರೂ ಕೆಳಗೆ ಬಂದಿದ್ದಾರೆ. ತಾರಸಿಯ ವೈರು ಈ ಕೋಣೆಯ ಕಿಟಕಿಯಿಂದಲೇ ಒಳಬಂದು ಹಾಲಿಗೆ ಹೋಗುತ್ತದೆ. ನಸುಕಿನಲ್ಲಿ ತಾತ ಅದನ್ನು ಇಲ್ಲೇ ಬಿಚ್ಚಿ, ಹಳೆಯ ಟೀವಿಗೂ ಹಳೆಯ ಬಾಕ್ಸಿಗೂ ತಗುಲಿಸಿ, ದನಿ ತಗ್ಗಿಸಿ ಹಾಡು ಕೇಳಿ, ಮನೆ ಏಳುವ ಮೊದಲು ಇದ್ದಂತೆ ಜೋಡಿಸುತ್ತಾರೆ. ಇವತ್ತು ಗಂಡನನ್ನು ಕೂರಿಸಿದ್ದೂ ಆ ಹಳೆಯ ಟೀವಿಯ ಮುಂದೆಯೇ.

"ಮಾವ, ಆ ಬಾಕ್ಸು ಗುಜರಿಗೆ ಹಾಕಿದೆ ಅಂದ್ರಲ್ಲ?"

"ಹಾಕೋಕೇ ಹೋಗಿದ್ದೆ. ಗುಜರಿಯವನ ಮುಖ ನೋಡಿ ನಂಬಿಕೆ ಬರಲಿಲ್ಲ."

"ಹಾಗಿದ್ರೆ ವಾರದಿಂದ ಕಾಣದ ನನ್ನ ಉಗುರುಬಣ್ಣದ ಸೀಸೆ?"

ತಾತ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗುತ್ತಾರೆ.

ಅಕ್ಕನಿಗೆ ಎಲ್ಲ ತಿಳಿಯಾಗುತ್ತದೆ. ಸ್ವಿಚ್ಚಿಗೆ ಯಾವ ಛತ್ರಿ ಅಂತ ಬಾಕ್ಸು ಅಪ್ಪಣೆ ಕೊಡಬೇಕು. ಹೊಸ ಬಾಕ್ಸಿಗೆ ಅದು ಗೊತ್ತು, ಹಳೆಯದಕ್ಕೆ ಆ ಅಪ್ಪಣೆ ಕೊಡಲು ಬರುವುದಿಲ್ಲ. ಅಪ್ಪಣೆ ಸಿಗದಿದ್ದರೆ ಈ ಜಾತಿಯ ಸ್ವಿಚ್ಚು ಕೊನೆಗೆ ಎಲ್ಲಿತ್ತೋ ಅಲ್ಲೇ ಕೂತಿರುತ್ತದೆ. ರಾತ್ರಿ ಸೊಸೆ ತವರಿನ ಚಾನೆಲ್ ನೋಡಿ ಮಲಗಿದರೆ, ಬೆಳಗ್ಗೆ ತಾತನಿಗೆ ಹಾಡಿಲ್ಲ.

"ತಪ್ಪು ನಂದೂ ಇದೆ," ಎನ್ನುತ್ತಾರೆ ಅಕ್ಕ. "ಹಾಲಿನ ಬಾಕ್ಸೊಂದನ್ನೇ ನೋಡಿ ಸ್ವಿಚ್ ಆರಿಸಿದೆ. ಮನೇಲಿ ಇನ್ನೊಂದು ಇದೆಯಾ ಅಂತ ಕೇಳಲಿಲ್ಲ."

"ಕೇಳಿದ್ರೂ ಇವರು ಹೇಳ್ತಿದ್ರಾ?" ಎನ್ನುತ್ತಾರೆ ಸೊಸೆ.

ಚೀಲದ ತಳದಿಂದ ಅಕ್ಕ ಬೇರೊಂದು ಸ್ವಿಚ್ಚು ತೆಗೆಯುತ್ತಾರೆ. ಇದಕ್ಕೆ ಅಪ್ಪಣೆ ಬೇಡ, ಒಂದು ಸನ್ನೆ ಸಾಕು. ಟೋನ್ ಅನ್ನುತ್ತಾರೆ ಅದಕ್ಕೆ. ಟೋನ್ ಇದ್ದರೆ ಒಂದು ಛತ್ರಿ, ಇಲ್ಲದಿದ್ದರೆ ಇನ್ನೊಂದು. ಅಷ್ಟು ಮಾಡಲು ಹಳೆಯ ಬಾಕ್ಸಿಗೂ ಬರುತ್ತದೆ, ಹೊಸದಕ್ಕೂ ಬರುತ್ತದೆ.

ಮತ್ತೆ ತಾರಸಿ. ಮತ್ತೆ ಸ್ಟೂಲು, ಮತ್ತೆ ತಾತನ ಕಣ್ಣು ಚೀಲದ ಮೇಲೆ. ತಿರುಪು ತಿರುಗಿಸುತ್ತಲೇ ಅಕ್ಕ ಈ ಕೆಲಸದಲ್ಲಿ ತಮಗೆ ಉಳಿದಿರುವ ಆಸೆ ಹೇಳಿಕೊಳ್ಳುತ್ತಾರೆ. "ದೊಡ್ಡದೇನಿಲ್ಲ. ನಾನು ಮೇಲಿರುವಾಗ ಮನೆಯೋರು ಕೆಳಗೆ ಕೂತು ಟೀವಿ ನೋಡ್ಲಿ. ನನ್ನನ್ನಲ್ಲ." ಆಮೇಲೆ ಸ್ಟೂಲಿನ ಕಡೆ ತಿರುಗಿ, "ಹಾಡಿನ ಚಾನೆಲ್ ಯಾವುದು ಅಂತ ನಮ್ಮೋರಿಗೆ ತಿಳಿಯಲ್ಲ. ಹೋಗಿ ಹಾಕಿ ನೋಡ್ತೀರಾ?"

ತಾತ ಚೀಲ ನೋಡುತ್ತಾರೆ. ಕೆಂಪು ಚುಕ್ಕೆಯ ಹಳೆಯ ಸ್ವಿಚ್ಚು ನೋಡುತ್ತಾರೆ. ಮೆಟ್ಟಿಲು ನೋಡುತ್ತಾರೆ. ಕೊನೆಗೆ ಮಂಡಿಯ ಮೇಲೆ ಕೈಯೂರಿ ಎದ್ದು, ಹಿಂತಿರುಗಿ ನೋಡದೆ ಇಳಿದುಹೋಗುತ್ತಾರೆ. ಸ್ಟೂಲು ಖಾಲಿಯಾಗುತ್ತದೆ.

"ಬಂತಾ?"

ಕಿಟಕಿಯಿಂದ ಹಳೆಯ ಹಾಡೊಂದು ಮೇಲೇರಿ ಬರುತ್ತದೆ, ಈ ಸಲ ದನಿ ತಗ್ಗಿಸದೆ. "ಬಂತು," ಎನ್ನುತ್ತಾರೆ ತಾತ.

ಅಕ್ಕ ಬಿಚ್ಚಿದ ಸ್ವಿಚ್ಚನ್ನು ಹೊಸಿಲ ಮೇಲಿಟ್ಟು ಇಳಿಯುವಾಗ, ಎರಡನೇ ಮಹಡಿಯ ಹೆಂಗಸು ಮೇಲಕ್ಕೆ ಕೂಗುತ್ತಾರೆ: "ಹೇಗೆ ತಾತ, ಇವರನ್ನೇ ಕರೆಸಬಹುದಾ?"

"ಕರೆಸಿ," ಎನ್ನುತ್ತಾರೆ ತಾತ. ಸ್ವಲ್ಪ ತಡೆದು, "ಕಣ್ಣಿಡಿ ಅಂತ ನಾನೇನೂ ಹೇಳಲ್ಲ."

ಬೀದಿಗೆ ಬಂದ ಮೇಲೆ ಗಂಡ ಕೇಳುತ್ತಾರೆ, "ಟೇಪು ಯಾವ ಕಡೆ ಸುತ್ತಿದೆ?"

"ಎಡಕ್ಕೇ."

"ಇಷ್ಟೆಲ್ಲ ಆದ ಮೇಲೂನಾ?"

ಅಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಳ್ಳುತ್ತಾರೆ. "ಆ ಉಗುರುಬಣ್ಣದ ಸೀಸೆ ಅವರಿನ್ನೂ ಸೊಸೆಗೆ ಕೊಟ್ಟಿಲ್ಲ."