ದಾಖಲೆಯಲ್ಲಿದ್ದ ಪಿ.ಪಿ. ನಂಬರ್

ಶಿಡ್ಲಘಟ್ಟದ ಖಲೀಮುಲ್ಲಾನಿಗೆ ಒಂದು ಕಡೆ ಕೂರುವ ಜಾಯಮಾನವೇ ಇರಲಿಲ್ಲ. ಅಪ್ಪನ ರೇಷ್ಮೆ ಬಿಚ್ಚಾಣಿಕೆ ಬಿಟ್ಟ, ಎಸ್‌ಟಿಡಿ ಬೂತ್ ಇಟ್ಟು ಮುಚ್ಚಿದ, ಕೊನೆಗೆ ತೊಂಬತ್ತೊಂಬತ್ತರಲ್ಲಿ ಊರಿಗೆ ಇಂಟರ್ನೆಟ್ ಕೊಡುವ ಪುಟ್ಟ ಕಂಪನಿಯೊಂದನ್ನು ಸೇರಿದ. ಯಾವ ಇಂಟರ್ನೆಟ್ ವಿಳಾಸಗಳು ಯಾರ ಪಾಲಿಗೆ ಬಂದಿವೆ, ಎಡವಟ್ಟಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕಂಪನಿ ಜಗತ್ತೇ ನೋಡಬಹುದಾದ ದಾಖಲೆಯೊಂದರಲ್ಲಿ ಬರೆಸಬೇಕಿತ್ತು; ಆ ಕೆಲಸ ಖಲೀಮುಲ್ಲಾನ ಪಾಲಿಗೆ ಬಂತು. ಆಫೀಸಿನ ಲೈನುಗಳೋ ಗಿರಾಕಿಗಳಿಂದ ಸದಾ ಎಂಗೇಜ್. ನಮ್ಮ ಜನ ಮಾಡುವುದನ್ನೇ ಅವನೂ ಮಾಡಿದ. ಪಕ್ಕದ ಮನೆಯ ಟೀಚರ್ ಅನಸೂಯಮ್ಮನವರ ಫೋನನ್ನು, ಕರೆ ಬಂದರೆ ಕೂಗಿ ಕರೆಯುವ ಪಿ.ಪಿ. ನಂಬರಾಗಿ ಕೊಟ್ಟುಬಿಟ್ಟ.

ಟೀಚರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಅವರ ನಂಬರ್ ಊರಾಚೆಯ ಮುನಿಶಾಮಪ್ಪನ ಮನೆಯ ಹೊಸ ಫೋನಿಗೆ ಹೋಯಿತು. ದಾಖಲೆ ತಿದ್ದಿಸಲು ಒಂದು ಮೇಲ್ ಬರೆದರೆ ಸಾಕಿತ್ತು. ಊರೆಲ್ಲ ಸುತ್ತುವ ಈ ಮಹಾಶಯ ಅದೊಂದನ್ನು ಮಾತ್ರ ನಾಳೆ, ನಾಳೆ ಎಂದು ತಳ್ಳಿದ.

ಅಷ್ಟರಲ್ಲಿ ಗಿರಾಕಿಯೊಬ್ಬನ ಕಂಪ್ಯೂಟರಿನಿಂದ ಕಸದ ಮೇಲ್‌ಗಳು ರಾಶಿರಾಶಿಯಾಗಿ ಹೊರಟವು. ದುಬೈನ ಮೇಲ್ ಕಂಪನಿಯವರು ವಿಚಾರಿಸಲು ಫೋನ್ ಮಾಡಿದರೆ, ಮುನಿಶಾಮಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಇಂಗ್ಲಿಷ್ ಕೇಳಿ ಗಾಬರಿಯಾಗಿ ಇಟ್ಟುಬಿಟ್ಟರು. ವಿಚಾರಿಸಲು ಯಾರೂ ಸಿಗದೆ ದುಬೈ ಕಂಪನಿಯವರು ನಮ್ಮೂರಿನಿಂದ ಬರುವ ಮೇಲ್‌ಗಳನ್ನೆಲ್ಲ ತಡೆದರು.

ಖಲೀಮುಲ್ಲಾನಿಗೆ ಇದು ಗೊತ್ತಾದದ್ದು ಅಕ್ಕ ಖತೀಜಾ ಬೀ ಬಂದು ನಿಂತಾಗ. ಅವಳ ಗಂಡ ದುಬೈನಾಚೆ ಒಂದು ಕ್ಯಾಂಪಿನಲ್ಲಿ ವೆಲ್ಡರ್. ಕೆಲಸದವರಿಗೆ ಅಲ್ಲಿ ಫೋನಿಲ್ಲ, ಗುಮಾಸ್ತ ಮೇಲ್ ಓದಿ ಹೇಳುತ್ತಿದ್ದ. ಇನ್ನೆರಡು ವರ್ಷಕ್ಕೆ ಸಹಿ ಹಾಕಲೋ, ಊರಿಗೆ ಬರಲೋ ಎಂದು ಭಾವ ಕೇಳಿದ್ದ. ‘ಸಾಕು, ಬಂದುಬಿಡಿ’ ಎಂದು ಖತೀಜಾ ಮತ್ತೆ ಮತ್ತೆ ಬರೆಸಿದ್ದಳು. ಉತ್ತರವೇ ಇಲ್ಲ. ಹುಡುಕಿ ನೋಡಿದರೆ, ಕ್ಯಾಂಪಿಗೆ ಮೇಲ್ ಮುಟ್ಟಿಸುವ ಆ ದುಬೈ ಕಂಪನಿಯೇ ಅವನ್ನೆಲ್ಲ ತಡೆದಿತ್ತು.

ಖಲೀಮುಲ್ಲಾ ಪೇಟೆಯ ಐಎಸ್‌ಡಿ ಬೂತಿಗೆ ಓಡಿದ. ಅಲ್ಲಿಂದ ಆ ಮೇಲ್ ಕಂಪನಿಗೆ ಫೋನ್ ಮಾಡಿ ಗೋಗರೆದ. ದಾಖಲೆಯಲ್ಲಿರುವ ನಂಬರಿಗೇ ಫೋನ್ ಮಾಡುತ್ತೇವೆ, ಬೇರೆಯದನ್ನು ನಂಬುವುದಿಲ್ಲ ಎಂದರು. ಈಗ ಮೇಲ್ ಬರೆದರೂ ದಾಖಲೆ ಬದಲಾಗಲು ದಿನಗಳು ಹಿಡಿಯುತ್ತವೆ, ಅಷ್ಟು ಪುರುಸೊತ್ತೆಲ್ಲಿ? ಸೈಕಲ್ ಹತ್ತಿ ಮುನಿಶಾಮಪ್ಪನ ಮನೆಗೆ ಹೋದ.

“ಅಮ್ಮಾ, ನಿಮ್ಮ ಫೋನಿಗೆ ನನ್ನ ಕೇಳ್ಕೊಂಡು ಫೋನ್ ಬರುತ್ತೆ. ಇಲ್ಲೇ ಕೂತಿರ್ಲಾ?”

“ಅಯ್ಯೋ, ಆ ಇಂಗ್ಲಿಷ್‌ನೋರು ನಿನ್ನನ್ನೇ ಕೇಳ್ತಿದ್ರೇನಪ್ಪ? ಕೂತ್ಕೋ, ಕಾಫಿ ಕೊಡ್ತೀನಿ.”

ಕೂತ, ಎದ್ದ, ಬಾಗಿಲಿಗೆ ಹೋಗಿ ಬಂದ. ಲೈನ್ ಸತ್ತಿದೆಯೇನೋ ಎಂದು ರಿಸೀವರ್ ಎತ್ತಿ ನೋಡಿದ.

“ಅದನ್ನ ಎತ್ತಿ ಎತ್ತಿ ನೋಡ್ಬೇಡಪ್ಪ, ಅವ್ರಿಗೆ ಎಂಗೇಜ್ ಬಂದ್ಬಿಡುತ್ತೆ!” ಎಂದು ಚಿಕ್ಕವೆಂಕಟಮ್ಮ ಗದರಿದರು.

ಸಂಜೆಗೆ ಫೋನ್ ಬಡಿದುಕೊಂಡಿತು. ಆಯಮ್ಮನೇ ಮೊದಲು ಎತ್ತಿದರು. “ಕಲೀಮಾ? ಇದಾನೆ, ಇದಾನೆ. ನಮ್ಮನೆ ಹುಡುಗಾನೇ!”

ಆ ಗಿರಾಕಿಯ ಕಸದ ಮೇಲ್ ನಿಲ್ಲಿಸುತ್ತೇವೆ ಎಂದು ಖಲೀಮುಲ್ಲಾ ಮಾತು ಕೊಟ್ಟ ಮೇಲೆ ತಡೆ ತೆರವಾಯಿತು. ಖತೀಜಾಳ ಮೇಲ್ ಅಂದೇ ಹೋಯಿತು. ಬೆಳಿಗ್ಗೆ ಭಾವನ ಉತ್ತರ ಬಂತು: ‘ನೀನು ಏನೂ ಬರೆಯಲಿಲ್ಲ. ಇನ್ನಷ್ಟು ದಿನ ಇರಲಿ ಅಂತ ನಿನ್ನ ಮನಸ್ಸಿನಲ್ಲಿದೆ ಅಂದುಕೊಂಡು ಮೊನ್ನೆ ಸಹಿ ಹಾಕಿದೆ.’

ಖಲೀಮುಲ್ಲಾ ಅದನ್ನು ಅಕ್ಕನಿಗೆ ಓದಿ ಹೇಳಿದ. “ತಪ್ಪು ನಂದು, ಆಪಾ. ನಂಬರ್ ಬದಲಾಯಿಸ್ದೆ ಕೂತೆ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: “ಈಗ ಮೇಲ್ ಹೋಗುತ್ತಾ?”

“ಹೋಗುತ್ತೆ.”

“ಹಂಗಾದ್ರೆ ಈಗ್ಲೇ ಬರಿ. ಎರಡು ವರ್ಷ ಆದ್ಮೇಲೆ ನನ್ನನ್ನ ಕೇಳ್ಬೇಡಿ, ಸೀದಾ ಬಂದ್ಬಿಡಿ ಅಂತ.”